ನಿಂತ ಕೊಕ್ಕರೆಯ ಚಿತ್ರ

“ಎಪ್ಪತ್ತು ಸಾವಿರ ಜನರನ್ನ ಒಂದೇ ಏಟಿಗೆ ಮನೇಲಿ ಕಟ್ಟಿಹಾಕಿದ್ಯಲ್ಲೇ ಗಾನ್ಕಾ! ತಲೆ ನೆಟ್ಟಗಿದೆಯೇನೇ ನಿಂಗೆ?”

“ನೆಟ್ಟಗಿರೋದಕ್ಕೇ ಕಳಿಸಿದ್ದು ಕಣೋ! ಹನ್ನೊಂದು ತಿಂಗಳು ಗೊರಕೆ ಹೊಡೀತಾ ಬಿದ್ದಿರೋ ಆ್ಯಪು. ಎಬ್ಬಿಸ್ಬೇಕಿತ್ತು, ಎಬ್ಬಿಸ್ದೆ.”

“ನಿಂತಿರೋ ಕೊಕ್ಕರೆ ತೋರಿಸಿ ಎಬ್ಬಿಸ್ತಾರೇನೇ ಯಾರಾದ್ರೂ?”

“ಮತ್ತೇನು, ಮಲಗಿರೋದನ್ನ ತೋರಿಸ್ಲಾ?”

ಮಿಂಚೊ ಮೇಜನ್ನು ಗುದ್ದಿದ. ಕಾಫಿ ಲೋಟ ನಡುಗಿತು. ನಮ್ಮಿಬ್ಬರಲ್ಲಿ ಗುದ್ದುವುದು, ಕೂಗುವುದು, ಬಾಗಿಲು ಬಡಿಯುವುದೆಲ್ಲ ನನ್ನ ಪಾಲಿನ ಕೆಲಸ. ಅವನ ಪಾಲಿನದು ಸುಮ್ಮನಿರುವುದು. ಆ ಬೆಳಿಗ್ಗೆ ಅವನು ನನ್ನ ಕೆಲಸವನ್ನೂ ಕಿತ್ತುಕೊಂಡಿದ್ದ. ಅದಕ್ಕೇ ನನಗೆ ಇನ್ನಷ್ಟು ರೇಗಿತು.

ಅವನು ತನ್ನ ಫೋನನ್ನು ಬೋರಲು ಹಾಕಿ, ಅದರ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದ. ಒಳಗೆ ಏನೋ ಜೀವ ಇದ್ದು ಅದು ಹೊರಗೆ ಬರಬಾರದು ಅನ್ನುವಂತೆ.

“ನಾನೂ ನೋಡ್ಬಿಟ್ಟೆ,” ಅಂದ. ದನಿ ಇಳಿದಿತ್ತು. “ಮೇಜಿನ ಮೇಲಿತ್ತು, ಬೆಳಗಿತು, ಬಗ್ಗಿ ನೋಡ್ದೆ. ಹನ್ನೆರಡು ದಿವಸ ತಲೆ ಎತ್ತದೆ ಓಡಾಡ್ದೆ ಗಾನ್ಕಾ. ಹನ್ನೆರಡು ದಿವಸ.”

ನಮ್ಮಲ್ಲಿ ಮಾರ್ಚ್ ಒಂದನೇ ತಾರೀಕು ಎಲ್ಲರೂ ಮಣಿಕಟ್ಟಿಗೆ ಕೆಂಪು ಬಿಳಿ ಹುರಿಯ ದಾರ ಕಟ್ಟಿಕೊಳ್ಳುತ್ತೇವೆ. ಮಾರ್ತೆನಿತ್ಸಾ ಅಂತ ಅದಕ್ಕೆ ಹೆಸರು. ಆಫ್ರಿಕಾದಿಂದ ಬರುವ ಕೊಕ್ಕರೆಗಳಲ್ಲಿ ಮೊದಲನೆಯದು ಕಣ್ಣಿಗೆ ಬೀಳುವ ತನಕ ಅದನ್ನು ಬಿಚ್ಚುವ ಹಾಗಿಲ್ಲ. ಕಂಡ ಮೇಲೆ ಬಿಚ್ಚಿ ಚಿಗುರಿದ ಮರಕ್ಕೆ ಕಟ್ಟಬೇಕು. ಆ ಮೊದಲ ಕೊಕ್ಕರೆ ಹಾರುತ್ತಿದ್ದರೆ ಆ ವರ್ಷ ನಿಮ್ಮ ಕಾಲಿಗೆ ಚಕ್ರ. ನಿಂತಿದ್ದರೆ ಹೊಸ್ತಿಲು ದಾಟುವ ಯೋಗವಿಲ್ಲ. ಇದನ್ನು ನಂಬುತ್ತೀರಾ ಎಂದು ನಮ್ಮನ್ನು ಕೇಳಬೇಡಿ. ನಂಬದವರೂ ಮಾರ್ಚಿನಲ್ಲಿ ಹೊಲದ ಕಡೆ ನೋಡುವ ಮುಂಚೆ ಆಕಾಶದ ಕಡೆ ನೋಡುತ್ತಾರೆ.

ನಮ್ಮ ಕಂಪನಿ ಮಾಡಿದ ಹನ್ನೊಂದು ಆ್ಯಪ್‌ಗಳಲ್ಲಿ ಒಂದರ ಹೆಸರೇ ‘ಕೊಕ್ಕರೆ’. ಕೊಕ್ಕರೆ ಕಂಡವರು ಅದನ್ನು ತೆರೆದು ಎಲ್ಲಿ ಕಂಡಿತು, ಹಾರುತ್ತಿತ್ತೋ ನಿಂತಿತ್ತೋ ಎಂದು ಒತ್ತುತ್ತಾರೆ. ದೇಶದ ಭೂಪಟದಲ್ಲಿ ಒಂದು ಬಿಳಿ ಚುಕ್ಕೆ ಹತ್ತುತ್ತದೆ. ದಕ್ಷಿಣದ ಗಡಿಯಿಂದ ಚುಕ್ಕೆಗಳು ಒಂದೊಂದಾಗಿ ಉತ್ತರಕ್ಕೆ ಏರುತ್ತ, ಮಾರಿತ್ಸಾ ನದಿಯುದ್ದಕ್ಕೂ ಹರಡುತ್ತ ಹೋಗುವುದನ್ನು ನೋಡುತ್ತ ಕೂತರೆ ಊಟದ ಹೊತ್ತು ಮೀರಿದ್ದು ತಿಳಿಯುವುದಿಲ್ಲ. ಅಷ್ಟೇ ಅದರ ಕೆಲಸ. ಎಪ್ಪತ್ತು ಸಾವಿರ ಫೋನುಗಳಲ್ಲಿ ಇದೆ. ವರ್ಷಕ್ಕೆ ಒಂದು ತಿಂಗಳು ಕಣ್ಣು ಬಿಡುತ್ತದೆ, ಆಮೇಲೆ ನಿದ್ದೆ.

ಆ ನಿದ್ದೆಯನ್ನು ಕೆಡಿಸಿದವಳು ನಾನು. ಬೆಳಿಗ್ಗೆ ಹತ್ತು ಗಂಟೆಗೆ ಎಪ್ಪತ್ತು ಸಾವಿರ ಫೋನಿಗೂ ಒಟ್ಟಿಗೇ ಒಂದು ಸಂದೇಶ ಕಳಿಸಿದ್ದೆ: ‘ಕೊಕ್ಕರೆ ಬಂತು!’ ಕೆಳಗೆ ದೊಡ್ಡದಾಗಿ ಒಂದು ಚಿತ್ರ. ನಮ್ಮೂರ ಶಾಲೆಯ ಹೊಗೆಗೂಡಿನ ಮೇಲೆ, ಹಳೇ ಗೂಡಿನಲ್ಲಿ, ಒಂಟಿಕಾಲಲ್ಲಿ ನಿಂತ ಕೊಕ್ಕರೆ. ಚಿತ್ರದ ಅಡಿಯಲ್ಲಿ ನಮ್ಮ ಉಳಿದ ಹತ್ತು ಆ್ಯಪ್‌ಗಳ ಪಟ್ಟಿ.

ಹನ್ನೊಂದು ಗಂಟೆಯೊಳಗೆ ಬೈಗುಳ ಶುರುವಾಯಿತು. ಒಬ್ಬ ಲಾರಿ ಡ್ರೈವರ್ ಬರೆದಿದ್ದ: ‘ನಿಂತ ಕೊಕ್ಕರೆ ತೋರಿಸಿದ್ದೀರಿ. ಇನ್ನು ಯಾವ ಮುಖ ಇಟ್ಟುಕೊಂಡು ಗಾಡಿ ಸ್ಟಾರ್ಟ್ ಮಾಡಲಿ? ಒಂದು ಸ್ಟಾರ್.’ ಒಬ್ಬಳು ಮದುಮಗಳು: ‘ಏಪ್ರಿಲಿನಲ್ಲಿ ಗಂಡನ ಊರಿಗೆ ಹೊರಡಬೇಕು. ಅತ್ತೆಯವರು ನಿಮ್ಮ ಚಿತ್ರ ನೋಡಿ ಅಳುತ್ತಿದ್ದಾರೆ. ಒಂದು ಸ್ಟಾರ್.’ ಪ್ಲೊವ್ದಿವ್‌ನ ಒಬ್ಬ ಮೇಷ್ಟ್ರು ವ್ಯಾಕರಣಬದ್ಧವಾಗಿ ಎರಡು ಪುಟ ಬೈದಿದ್ದರು. ಒಬ್ಬಳೇ ಒಬ್ಬಳು ತಾಯಿ ಐದು ಸ್ಟಾರ್ ಕೊಟ್ಟಿದ್ದಳು: ‘ಮಗ ಜರ್ಮನಿಗೆ ಹೋಗ್ತೀನಿ ಅಂತಿದ್ದ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.’

ನಾನು ಆ ಐದು ಸ್ಟಾರನ್ನು ಮಿಂಚೊನಿಗೆ ತೋರಿಸಿದೆ. ಅವನು ನಗಲಿಲ್ಲ.

ಇಷ್ಟು ಹೇಳಿದ ಮೇಲೆ ನಾವು ಹೇಗೆ ಕೆಲಸ ಮಾಡುತ್ತೇವೆ ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ನನ್ನ ತಪ್ಪು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ.

ನಾವು ವರ್ಬೊವ್ ಬ್ರೊದ್ ಎಂಬ ಹಳ್ಳಿಯ ಶಾಲೆಯಲ್ಲಿ ಒಂದೇ ಕ್ಲಾಸು. ನಾವು ಏಳನೇ ತರಗತಿಯಲ್ಲಿದ್ದಾಗ ಸರ್ಕಾರ ನಮ್ಮ ಶಾಲೆಗೆ ನಾಲ್ಕು ಪ್ರಾವೆಟ್ಸ್ ಕಂಪ್ಯೂಟರ್ ಕೊಟ್ಟಿತು. ಇಪ್ಪತ್ತಾರು ಮಕ್ಕಳು. ಪಾವ್ಲಿನಾ ಮೇಡಂ ಕಸೂತಿ ಬಟ್ಟೆಯ ಮುಸುಕು ತೆಗೆದು, ಒಂದೊಂದು ಯಂತ್ರದ ಮುಂದೆ ಸರದಿಯಂತೆ ಇಬ್ಬಿಬ್ಬರನ್ನು ಕೂರಿಸಿ, ಕೀಬೋರ್ಡಿನ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎಡಗಡೆಯ ಅಕ್ಷರಗಳೆಲ್ಲ ಒಬ್ಬರಿಗೆ, ಬಲಗಡೆಯವು ಇನ್ನೊಬ್ಬರಿಗೆ. ಗೆರೆ ದಾಟಿದರೆ ಬೆರಳಿಗೆ ಸ್ಕೇಲಿನೇಟು. ಮಿಂಚೊ ಎಡ, ನಾನು ಬಲ.

ಉಳಿದವರು ಬೆಳೆದು ಅದನ್ನು ಮರೆತರು. ನಾವು ಮರೆಯಲಿಲ್ಲ. ನಾನು ಆ ಶಾಲೆ ಬಿಟ್ಟು ಬೇರೆಲ್ಲೂ ಓದಲಿಲ್ಲ. ನನಗೆ ಪ್ರೋಗ್ರಾಂ ಬರೆಯುವುದೆಂದರೆ ಹಾಗೆಯೇ: ಇಬ್ಬರು, ಒಂದು ಕೀಬೋರ್ಡು. ಒಂದು ಪದದ ಅಕ್ಷರಗಳು ಅವನ ಬೆರಳಿಂದ ನನ್ನ ಬೆರಳಿಗೆ, ನನ್ನದರಿಂದ ಅವನದಕ್ಕೆ ದಾಟುತ್ತ ಹೋಗುತ್ತವೆ. ನಡುವಿನ ಉದ್ದ ಕೀಲಿಯನ್ನು ಯಾರ ಹೆಬ್ಬೆರಳು ಬಿಡುವಾಗಿದೆಯೋ ಅವರು ಒತ್ತುತ್ತಾರೆ. ಇಷ್ಟು ವರ್ಷದಲ್ಲಿ ಹೆಬ್ಬೆರಳುಗಳು ಡಿಕ್ಕಿ ಹೊಡೆದದ್ದು ನಾಲ್ಕೈದು ಸಲ. ನಾವು ಮಾತಾಡುವುದು ಕಡಿಮೆ. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ತೆವಳುತ್ತಿರುತ್ತದೆ, ಕೀಲಿಗಳ ಸದ್ದು ಸೂರಿನಿಂದ ನೀರು ತೊಟ್ಟಿಕ್ಕುವ ಹಾಗೆ. ಏನು ಬರೆಯುತ್ತಿದ್ದೇವೆಂದು ಇಬ್ಬರಿಗೂ ಗೊತ್ತು, ಯಾರು ಯೋಚಿಸಿದ್ದೆಂದು ಇಬ್ಬರಿಗೂ ಗೊತ್ತಿಲ್ಲ. ಊರವರು ಏನೇನೋ ಅಂದುಕೊಂಡರು. ಅಂದುಕೊಳ್ಳಲಿ. ನನಗೆ ಗಂಡನಿದ್ದಾನೆ, ಮಿಂಚೊನಿಗೆ ಮನೆ ತುಂಬ ಬೆಕ್ಕುಗಳಿವೆ.

ಮುಚ್ಚಿಹೋದ ಅಂಚೆ ಕಚೇರಿಯ ಮುಂದಿನ ಕೋಣೆಯೇ ನಮ್ಮ ಕಂಪನಿ. ನಲವತ್ತು ವರ್ಷ ಊರಿಗೆಲ್ಲ ಅಂಚೆ ಹಂಚಿದ ಕೆರಾ ಅಜ್ಜಿ ಹಿಂದಿನ ಕೋಣೆಯಲ್ಲಿದ್ದಾಳೆ. ನಮ್ಮ ಮೊದಲ ಆ್ಯಪ್ ಹುಟ್ಟಿದ್ದು ಅವಳಿಂದಲೇ. ಒಂದು ಸೆಪ್ಟೆಂಬರಿನಲ್ಲಿ ಅವಳು ಅಂಗಳದ ಒಲೆಯ ಮೇಲೆ ಪೀಪಾಯಿ ಇಟ್ಟು, ಕೆಡದಿರಲೆಂದು ಮುಚ್ಚಳ ಬಿಗಿದ ಎಂಬತ್ತು ಜಾಡಿ ಲ್ಯುತೆನಿತ್ಸಾವನ್ನು ನೀರಲ್ಲಿ ಕುದಿಸುತ್ತಿದ್ದಳು. ಸುಟ್ಟ ಕೆಂಪು ದಪ್ಪಮೆಣಸಿನಕಾಯಿ ಅರೆದು ಮಾಡುವ ಆ ಚಟ್ನಿಯಿಲ್ಲದೆ ನಮ್ಮಲ್ಲಿ ಚಳಿಗಾಲ ಕಳೆಯುವುದಿಲ್ಲ. ಅಜ್ಜಿ ಬೇಲಿಯಾಚೆ ಹರಟೆಗೆ ನಿಂತಳು, ಪೀಪಾಯಿಯ ನೀರು ಬತ್ತಿತು, ಎಂಬತ್ತು ಜಾಡಿಯೂ ಒಡೆದವು. ಅಂಗಳ ತುಂಬ ಕೆಂಪು. ಕೊಲೆಯಾದ ಜಾಗದ ಹಾಗಿತ್ತು. ಯಾವ ಅಡುಗೆ, ಎಷ್ಟು ದೊಡ್ಡ ಜಾಡಿ, ಎಷ್ಟು ಜಾಡಿ ಎಂದು ಒತ್ತಿದರೆ ಹೊತ್ತಿಗೆ ಸರಿಯಾಗಿ ಕಿರುಚುವ ‘ಜಾಡಿ’ ಎಂಬ ಆ್ಯಪನ್ನು ಆ ವಾರವೇ ಬರೆದೆವು. ಬೆಲೆ ಒಂದು ಲೋಟ ಕಾಫಿಯಷ್ಟು, ಜೀವಮಾನಕ್ಕೆ ಒಂದೇ ಸಲ.

ಮೂರನೇ ವರ್ಷ ಅದು ರುಮೇನಿಯಾಕ್ಕೆ ದಾಟಿತು, ಆಮೇಲೆ ಪೋಲೆಂಡಿಗೆ. ನಾವು ಏನೂ ಮಾಡಲಿಲ್ಲ, ಅದೇ ನಡೆದುಕೊಂಡು ಹೋಯಿತು. ಜಾಡಿಯನ್ನು ಕೊಂಡವರು ಇನ್ನೊಂದು ಕೇಳಿದರು. ರಾಕಿಯಾ ಸಾರಾಯಿ ಕಾಯಿಸುವ ಊರ ಭಟ್ಟಿಯಲ್ಲಿ ಯಾರ ಸರದಿ ಯಾವಾಗ ಎಂದು ಹೇಳುವ ‘ಸರದಿ’. ಇವತ್ತು ಯಾವ ಸಂತನ ದಿನ, ಆ ಹೆಸರಿನವರು ಯಾರಿದ್ದಾರೆ, ಕರೆಯದೆ ಯಾರ ಮನೆಗೆ ಊಟಕ್ಕೆ ನುಗ್ಗಬಹುದು ಎಂದು ನೆನಪಿಸುವ ‘ಇಂದು ಯಾರು’. ಒಂದು ಆ್ಯಪ್ ಇನ್ನೊಂದರ ಕೈ ಹಿಡಿದು ಕರೆತಂದಿತು. ಜಾಡಿಯ ಮೂಲೆಯಲ್ಲಿ ಸರದಿಯ ಹೆಸರು, ಸರದಿಯ ಮೂಲೆಯಲ್ಲಿ ಕೊಕ್ಕರೆಯ ಹೆಸರು. ಹೀಗೆ ಹನ್ನೊಂದಾದವು.

ಹನ್ನೊಂದು ಮಕ್ಕಳ ತಾಯಿಗೆ ಎಷ್ಟು ಕೆಲಸವೋ ಅಷ್ಟು. ಪ್ರತಿ ಶರತ್ಕಾಲ ಫೋನಿನ ಕಂಪನಿಗಳು ಒಳಗೆ ಏನಾದರೊಂದು ಬದಲಾಯಿಸುತ್ತವೆ. ನಮ್ಮ ಹನ್ನೊಂದೂ ಒಟ್ಟಿಗೆ ಕಾಯಿಲೆ ಬೀಳುತ್ತವೆ. ಒಂದು ಕೀಬೋರ್ಡಿನಲ್ಲಿ ಒಂದೊಂದನ್ನೇ ಎತ್ತಿ ವಾಸಿ ಮಾಡುವಷ್ಟರಲ್ಲಿ ಹಿಮ ಬೀಳುತ್ತದೆ. ಹೋದ ವರ್ಷ ನಾನು ಎರಡನೇ ಕೀಬೋರ್ಡು ತಂದೆ. ಇಬ್ಬರೂ ಬೇರೆ ಬೇರೆ ಕೂತು ಬರೆಯೋಣ, ಬೇಗ ಆಗುತ್ತದೆ, ಇನ್ನಿಬ್ಬರನ್ನು ಸೇರಿಸಿಕೊಳ್ಳೋಣ, ಹನ್ನೊಂದನ್ನು ಇಪ್ಪತ್ತು ಮಾಡೋಣ ಎಂದೆ. ಒಂದು ವಾರ ಪ್ರಯತ್ನಿಸಿದೆವು. ಇಬ್ಬರೂ ಬೆಪ್ಪಾಗಿ ಕೂತೆವು. ನನ್ನ ಎಡಗೈ ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ಬಿದ್ದಿತ್ತು. ಕೀಬೋರ್ಡು ಮತ್ತೆ ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆ ಬೀರುವಿನ ಮೇಲೆ.

ಇನ್ನು ಒಂದು ಚುಕ್ಕೆಯ ವಿಷಯ.

ಜಾಡಿ ಯಾವ ಊರಿನಲ್ಲಿ ಎಷ್ಟು ಕುದಿಯಿತು ಎಂಬುದಷ್ಟೇ ನಮ್ಮ ಭೂಪಟದಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಕುದಿಸಿದವರು ಯಾರೆಂದು ಗೊತ್ತಾಗುವುದಿಲ್ಲ. ಮಿಂಚೊ ಆ ಭೂಪಟವನ್ನು ಗಂಟೆಗಟ್ಟಲೆ ನೋಡುತ್ತಿದ್ದ. ಆರು ವರ್ಷದ ಹಿಂದೆ ಅವನಿಗೆ ಅಟ್ಲಾಂಟಿಕ್ ಸಾಗರದ ಮಧ್ಯೆ ಒಂದು ಚುಕ್ಕೆ ಕಂಡಿತು. ಪೋರ್ಚುಗೀಸರ ಒಂದು ದ್ವೀಪ, ನಾಲ್ಕುನೂರು ಜನ. ಆಗಸ್ಟ್ ಹದಿನಾಲ್ಕರಂದು ಅಲ್ಲಿ ಯಾರೋ ಜಾಡಿ ಕುದಿಸಿದ್ದರು. ಒಂದೇ ಜಾಡಿ. ಮರುವರ್ಷ ಅದೇ ದಿನ, ಒಂದೇ ಜಾಡಿ. ಆರು ವರ್ಷವೂ ಹಾಗೇ.

“ಒಂದು ಜಾಡಿಗೆ ಒಲೆ ಹಚ್ತಾರೇನೋ ಯಾರಾದ್ರೂ?” ಎಂದು ನಾನು ನಕ್ಕಿದ್ದೆ. “ಹುಚ್ಚರಿರ್ಬೇಕು.”

“ಒಬ್ರೇ ಇರ್ಬೇಕು,” ಎಂದಿದ್ದ ಅವನು. “ಇಲ್ಲಾ, ಒಬ್ರಿಗೋಸ್ಕರ ಮಾಡ್ತಿರ್ಬೇಕು. ಏನು ಹಾಕ್ತಾರೋ ಅದ್ರಲ್ಲಿ.”

ಆಮೇಲೆ ಅವನು ಅದರ ಮಾತೆತ್ತಲಿಲ್ಲ. ಆದರೆ ಪ್ರತಿ ಆಗಸ್ಟ್ ಹದಿನಾಲ್ಕರಂದು ಬೆಳಿಗ್ಗೆ ಗಡ್ಡ ಹೆರೆದುಕೊಂಡು ಬರುತ್ತಿದ್ದ. ಪರದೆಯ ಮುಂದೆ ಕೂರುತ್ತಿದ್ದ. ಮಧ್ಯಾಹ್ನ ಮೂರರ ಸುಮಾರಿಗೆ ಆ ನೀಲಿಯ ನಡುವೆ ಚುಕ್ಕೆ ಹತ್ತಿಕೊಳ್ಳುತ್ತಿತ್ತು. ನಲವತ್ತು ನಿಮಿಷ ಮಿಣುಕುತ್ತಿತ್ತು. ಆರಿಹೋಗುತ್ತಿತ್ತು. ಆ ನಲವತ್ತು ನಿಮಿಷ ಅವನ ಬೆರಳು ಕೀಬೋರ್ಡಿನ ಮೇಲೆ ಇದ್ದರೂ ಅವನು ಇಲ್ಲಿರುತ್ತಿರಲಿಲ್ಲ. ಕೋಣೆಯಲ್ಲಿ ಉಪ್ಪುನೀರಿನ ವಾಸನೆ ಬಂದಂತಾಗುತ್ತಿತ್ತು ನನಗೆ. ನಾನು ಸಮುದ್ರದ ಹತ್ತಿರ ಹೋದದ್ದು ಎರಡೇ ಸಲ, ಆದರೂ.

ಈ ಸಲ ಜನವರಿಯಲ್ಲಿ, ಹೊರಗೆ ನದಿಯ ಮಂಜು ಕಿಟಕಿಗೆ ಹತ್ತಿಯ ಹಾಗೆ ಅಂಟಿಕೊಂಡಿದ್ದಾಗ, ಅವನು ಹೇಳಿದ: “ಈ ಆಗಸ್ಟಿಗೆ ಹೋಗಿ ನೋಡ್ಕೊಂಡು ಬರ್ತೀನಿ ಗಾನ್ಕಾ. ಒಂದು ವಾರ.”

“ಹೋಗು. ಯಾರು ಬೇಡ ಅಂದ್ರು?”

“ಪ್ರತಿ ವರ್ಷ ನಿಂತಿರೋದನ್ನೇ ನೋಡ್ತೀನಿ. ಅದಕ್ಕೇ ಎಲ್ಲೂ ಹೋಗೋಕಾಗಲ್ಲ. ಈ ಸಲ ಹಾರೋದನ್ನ ನೋಡ್ಬೇಕು.”

ನಮ್ಮ ಕಿಟಕಿ ನೇರ ಶಾಲೆಯ ಹೊಗೆಗೂಡಿನ ಕಡೆಗಿದೆ. ಅದರ ಮೇಲೆ ಗೂಡು. ಕೊಕ್ಕರೆ ಬಂದು ಮೊದಲು ನಿಲ್ಲುವುದು ಅಲ್ಲೇ, ನಮಗೆ ಮೊದಲು ಕಾಣುವುದೂ ಅಲ್ಲೇ. ಇಬ್ಬರೂ ಹುಟ್ಟಿದ ಜಿಲ್ಲೆ ಬಿಟ್ಟು ಹೆಚ್ಚು ಕದಲದೆ ಇರುವುದಕ್ಕೆ ಊರವರು ಇದೇ ಕಾರಣ ಹೇಳುತ್ತಾರೆ.

ಮಾರ್ಚ್ ಒಂದನೇ ತಾರೀಕು ಅವನು ಪರದೆ ಬಟ್ಟೆ ಎಳೆಯೋಣ ಎಂದ. ಹಗಲಲ್ಲಿ ಬಟ್ಟೆ ಎಳೆಯೋದು ಹೆಣ ಇಟ್ಟ ಮನೇಲಿ ಎಂದೆ. ಸರಿ, ಕುರ್ಚಿಯನ್ನೇ ಎತ್ತಿಕೊಂಡು ಹೋಗಿ ಮೇಜಿನ ಆ ಬದಿಗೆ, ಕಿಟಕಿಗೆ ಬೆನ್ನು ಹಾಕಿ ಕೂತ. ಕಂಪ್ಯೂಟರಿನ ಪರದೆ ಪಕ್ಕಕ್ಕೆ, ನನ್ನ ಕಡೆ ಮುಖ. ಕೀಬೋರ್ಡು ನಮ್ಮಿಬ್ಬರ ನಡುವೆ, ಅವನಿಗೆ ತಲೆಕೆಳಗು. ಅವನ ಅಕ್ಷರಗಳೆಲ್ಲ ಈಗ ಅವನ ಬಲಕ್ಕೆ ಬಂದಿದ್ದವು. ಎರಡೇ ನಿಮಿಷ ತಡವರಿಸಿದ. ಆಮೇಲೆ ಒಂದೂ ತಪ್ಪಲಿಲ್ಲ. ಪರದೆಯೂ ಕಾಣದೆ, ಕಿಟಕಿಯೂ ಕಾಣದೆ, ನನ್ನ ಮುಖ ನೋಡುತ್ತ ಹನ್ನೆರಡು ದಿನ ಪ್ರೋಗ್ರಾಂ ಬರೆದ. ತಪ್ಪಾದರೆ ನನ್ನ ಹುಬ್ಬಿನಲ್ಲೇ ಗೊತ್ತಾಗುತ್ತದಂತೆ. ಆ ಹನ್ನೆರಡು ದಿನ ನಾವು ಬರೆದದ್ದು ನಮ್ಮ ಜೀವಮಾನದ ಅತ್ಯಂತ ಚೊಕ್ಕ ಕೆಲಸ. ನಿದ್ದೆಯಲ್ಲಿ ಈಜಿದ ಹಾಗಿತ್ತು.

ಅವನು ಮನೆಗೆ ಹೋಗುವಾಗ ನೆಲ ನೋಡುತ್ತ ಹೋಗುತ್ತಿದ್ದ. ಬರುವಾಗ ನದಿಯ ದಾರಿಯಿಂದ ಸುತ್ತಿ ಬರುತ್ತಿದ್ದ. ಬಯಲಿನಲ್ಲಿ ನಿಂತು, ತಲೆ ಹಿಂದಕ್ಕೆ ಚೆಲ್ಲಿ, ನೆತ್ತಿಯ ಮೇಲಿನ ಆಕಾಶವನ್ನಷ್ಟೇ ನೋಡುತ್ತಿದ್ದ. ಸುತ್ತ ಮುತ್ತ ನೋಡುತ್ತಿರಲಿಲ್ಲ. ಬಾವಿಯಲ್ಲಿ ಬಿದ್ದವನು ನೋಡುವ ಹಾಗೆ.

ಹನ್ನೆರಡನೇ ದಿನ ನಾನು ಏಳೂವರೆಗೆ ಬಂದೆ. ಕೊಕ್ಕರೆ ಬಂದು ನಿಂತಿತ್ತು.

ಹೀಗಿರುವಾಗ ಆ ಚಿತ್ರ. ಹೀಗಿರುವಾಗ ಆ ಬೈಗುಳ.

ಕೂಗಾಟ ಕೇಳಿ ಕೆರಾ ಅಜ್ಜಿ ಬಾನಿತ್ಸಾದ ತಟ್ಟೆ ಹಿಡಿದು ಬಂದಳು. ಚೀಸ್ ತುಂಬಿ ಬೇಯಿಸಿದ ಆ ಪದರು ರೊಟ್ಟಿಯಿಂದ ಹಬೆ ಏಳುತ್ತಿತ್ತು. “ಏನ್ರೋ ಇದು? ಗಾನ್ಕಾ ಕಿರುಚೋದು ದಿನಾ ಇದ್ದಿದ್ದೇ, ಅದು ಕೇಳ್ದೆ ಇದ್ರೆ ನಂಗೆ ನಿದ್ದೆ ಬರಲ್ಲ. ಇವನ್ಯಾಕೆ ಕಿರುಚ್ತಿದಾನೆ? ಬೆಕ್ಕು ಸತ್ತಿತೇನೋ ಮಿಂಚೊ?”

“ನಾನು ಸತ್ತೆ ಅಜ್ಜಿ,” ಎಂದ ಅವನು. ಎಲ್ಲ ಹೇಳಿದ.

ಅಜ್ಜಿ ತಟ್ಟೆ ಇಟ್ಟು, ತನ್ನ ಏಪ್ರನ್ನಿಗೆ ಕೈ ಒರೆಸಿಕೊಂಡು, ಬೋರಲು ಬಿದ್ದ ಫೋನನ್ನು ಎತ್ತಿ ಚಿತ್ರ ನೋಡಿದಳು. ಮೂಗಿನ ಹತ್ತಿರ ತಂದು, ದೂರ ಹಿಡಿದು.

“ಇದು ಕೊಕ್ಕರೆಯಲ್ಲ, ಫೋಟೋ.”

“ಕೊಕ್ಕರೆಯ ಫೋಟೋ ಅಜ್ಜಿ.”

“ಅದೇ ಕಣೋ ದಡ್ಡ. ನಲವತ್ತು ವರ್ಷ ಈ ಊರಿಗೆ ಮದುವೆ ಫೋಟೋ ಹಂಚಿದೀನಿ, ಲಕೋಟೆಯಲ್ಲಿ. ಫೋಟೋ ನೋಡ್ದೋರಿಗೆಲ್ಲ ಮದುವೆ ಆಗೋಯ್ತೇನು? ಹಾಗಿದ್ರೆ ನಂಗೆ ಇಷ್ಟೊತ್ತಿಗೆ ಮುನ್ನೂರು ಗಂಡಂದಿರು ಇರ್ಬೇಕಿತ್ತು. ಫೋನಲ್ಲಿ ಕಂಡಿದ್ದು ಕಂಡಂಗಲ್ಲ. ದಾರ ಬಿಚ್ಬೇಡ. ತಿನ್ನು.”

ಮಿಂಚೊನ ಭುಜಗಳು ಇಳಿದವು. ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡ. ಬಿಸಿಗೆ ಕಣ್ಣಲ್ಲಿ ನೀರು ಬಂತೋ, ಬೇರೆ ಯಾವುದಕ್ಕೋ.

“ಹಾಗಂತ ಬರೀಬೇಕು ಗಾನ್ಕಾ,” ಎಂದ, ಬಾಯಿ ತುಂಬಿಕೊಂಡೇ. “ಎಲ್ಲಾರ್ಗೂ. ಅಜ್ಜಿ ಹೇಳಿದ್ದನ್ನ ಹಂಗೇ.”

“ಮುನ್ನೂರು ಗಂಡಂದಿರನ್ನೂ ಸೇರಿಸಿಯಾ?”

“ಅದನ್ನೇ ಮೊದ್ಲು.”

ಅಜ್ಜಿ ನಗುತ್ತ ಹೋದಳು. ಆ ಸಂದೇಶ ದೇಶವನ್ನೆಲ್ಲ ನಗಿಸಿತು. ಬೈದವರು ಬೈಗುಳ ಅಳಿಸಿ ಬರೆದರು. ಲಾರಿ ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ. ಒಬ್ಬರು ಇನ್ನೊಬ್ಬರಿಗೆ ಕಳಿಸಿ, ವಾರದೊಳಗೆ ಎಪ್ಪತ್ತು ಸಾವಿರ ಇದ್ದದ್ದು ಎರಡು ಲಕ್ಷ ದಾಟಿತು, ಜೊತೆಗೆ ಉಳಿದ ಹತ್ತನ್ನೂ ಎಳೆದುಕೊಂಡು. ಹತ್ತು ವರ್ಷ ಬೆಳೆಸಿದರೂ ಬೆಳೆಯದ ಕಂಪನಿ ಒಬ್ಬ ಮುದುಕಿಯ ತಮಾಷೆಯಿಂದ ಬೆಳೆಯಿತು. ಆದರೆ ಅದು ಆಮೇಲಿನ ಮಾತು. ಆಗ ನಾವು ಬರೆಯಲು ಕೂತಿದ್ದೆವು ಅಷ್ಟೇ, ಎದುರುಬದುರು, ನಡುವೆ ತಲೆಕೆಳಗಾದ ಕೀಬೋರ್ಡು. ಬಿಸಿಲು ಅವನ ಕಿವಿಗಳ ಹಿಂದಿನಿಂದ ಬಂದು ಅವನ್ನು ಕೆಂಪಗೆ ಬೆಳಗುತ್ತಿತ್ತು. ಅವನ ಬೆನ್ನ ಹಿಂದೆ, ಕಿಟಕಿಯಾಚೆ, ಕೊಕ್ಕರೆ ಗೂಡಿಗೆ ಕಡ್ಡಿ ಜೋಡಿಸುತ್ತಿತ್ತು. ಅಕ್ಷರಗಳು ಅವನಿಂದ ನನಗೆ, ನನ್ನಿಂದ ಅವನಿಗೆ ದಾಟುತ್ತಿದ್ದವು. ಜಗಳ ಎಲ್ಲಿ ಕರಗಿತೋ. ಎಲ್ಲ ಸರಿಯಾಯಿತು ಅಂದುಕೊಂಡೆ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಯಾಗುತ್ತಿತ್ತು.

ಅರ್ಧ ಬರೆದ ಮೇಲೆ ಅವನು ಕೇಳಿದ: “ಚಿತ್ರ ಯಾವ್ದು ಹಾಕೋಣ? ಅಜ್ಜೀದೇ ಹಾಕೋಣ್ವಾ?”

“ನೀನೇ ಆರಿಸು,” ಎಂದು ಪರದೆಯನ್ನು ಅವನ ಕಡೆ ತಿರುಗಿಸಿದೆ. ಕೈಗೆ ಅಭ್ಯಾಸ. ಅದರಲ್ಲಿ ಚಿತ್ರಗಳ ಫೋಲ್ಡರ್ ತೆರೆದೇ ಇತ್ತು.

ಮೊದಲ ಸಾಲಿನಲ್ಲಿ ಅವತ್ತು ಬೆಳಿಗ್ಗೆ ನಾನು ತೆಗೆದ ಎರಡು ಚಿತ್ರಗಳಿದ್ದವು. ಏಳು ನಲವತ್ತು: ನಿಂತ ಕೊಕ್ಕರೆ. ಏಳು ನಲವತ್ತೆರಡು: ಅದೇ ಕೊಕ್ಕರೆ, ಗೂಡಿನಿಂದ ಎದ್ದು, ರೆಕ್ಕೆ ಪೂರ್ತಿ ಚಾಚಿ, ಕೆಂಪು ಕಾಲು ಹಿಂದಕ್ಕೆ ಚಾಚಿ, ತಿಳಿ ಆಕಾಶದಲ್ಲಿ. ಮಸುಕಾಗಿರಲಿಲ್ಲ. ಗರಿ ಗರಿ ಎಣಿಸಬಹುದಿತ್ತು. ನಿಂತದ್ದಕ್ಕಿಂತ ಹತ್ತು ಪಾಲು ಚೆನ್ನಾಗಿತ್ತು.

ಅವನ ಬೆರಳು ನಿಂತಿತು.

“ಹಾರೋದೂ ಇತ್ತು,” ಅಂದ.

ನಾನು ಪರದೆಯನ್ನು ಹಿಂದಕ್ಕೆ ತಿರುಗಿಸಹೋದೆ, ಅವನು ಅದನ್ನು ಹಿಡಿದುಕೊಂಡ.

“ಎರಡೂ ಇತ್ತು. ನೀನು ಇದನ್ನ ಬಿಟ್ಟು ಅದನ್ನ ಕಳಿಸ್ದೆ.”

“ಅದರಲ್ಲಿ ಶಾಲೆ ಕಾಣ್ತಿತ್ತು. ಚೆನ್ನಾಗಿ ಬಂದಿತ್ತು.”

“ಸುಳ್ಳು ಹೇಳ್ಬೇಡ ಗಾನ್ಕಾ. ನಿನ್ನ ಹುಬ್ಬು ನೋಡಿ ನೋಡಿ ಸಾಕಾಗಿದೆ ನಂಗೆ.”

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ಗಂಟಲ ತನಕ ಬಂದದ್ದು ನಿಜ. ಆದರೆ ನನ್ನ ಗಂಟಲಿಗೆ ಬಂದ ಮೆತ್ತನೆಯ ಮಾತು ಹೊರಗೆ ಬೀಳುವಷ್ಟರಲ್ಲಿ ಕಲ್ಲಾಗಿರುತ್ತದೆ. ಹುಟ್ಟಿದಾಗಿಂದ ಹಾಗೇ.

“ಹೌದು ಕಣೋ! ಬೇಕಂತಲೇ ಕಳಿಸ್ದೆ! ಮೇಜಿನ ಮೇಲೆ ನಿನ್ನ ಫೋನ್ ಇದೆ ಅಂತ ಗೊತ್ತಿದ್ದೇ ಕಳಿಸ್ದೆ! ಒಂದು ವಾರಕ್ಕೆ ಅಂತ ಹೋಗ್ತೀಯಾ? ಈ ಬೀದೀಲಿ ಎಷ್ಟು ಜನ ಒಂದು ವಾರಕ್ಕೆ ಅಂತ ಹೋದ್ರು, ಎಣಿಸು ಬೀಗಗಳನ್ನ! ಯಾವಳೋ ಎಲ್ಲೋ ಒಂದು ಜಾಡಿ ಕುದಿಸ್ತಾಳಂತೆ, ಇವನು ಹೋಗಿ ಮೂಸಿ ನೋಡ್ಬೇಕಂತೆ! ಹನ್ನೊಂದು ಇಲ್ಲಿ ಬಾಯಿ ಬಿಟ್ಕೊಂಡು ಕೂತಿವೆ. ನೀನು ಹೋದ್ರೆ ಅರ್ಧ ಅಕ್ಷರ ಯಾರು ಒತ್ತೋದು? ನಿಮ್ಮಪ್ಪ ಬರ್ತಾನಾ?”

ಹೊರಗೆ ಕೊಕ್ಕರೆ ಕೊಕ್ಕು ಬಡಿಯತೊಡಗಿತು, ಒಣ ಹಲಗೆಗಳನ್ನು ಒಂದಕ್ಕೊಂದು ತಟ್ಟಿದ ಹಾಗೆ. ಮಿಂಚೊನ ಬೆನ್ನು ಆ ಸದ್ದಿಗೆ ಬಿಗಿಯಾದದ್ದು ಕಂಡಿತು. ಅವನು ತಿರುಗಲಿಲ್ಲ.

“ನಿಂಗೆ ಹೆದರಿಕೆ ಇತ್ತು ಅಂತ ಬಾಯಿಬಿಟ್ಟು ಹೇಳಿದ್ರೆ ನಾನು ಹೋಗ್ತಿರ್ಲಿಲ್ವೇನೋ,” ಎಂದ. ಸಿಟ್ಟಿರಲಿಲ್ಲ. ಅದೇ ಕೆಟ್ಟದ್ದು. ಪರದೆಯ ಮೇಲೆ ಹಾರುತ್ತಿದ್ದ ಕೊಕ್ಕರೆಯನ್ನು ಇನ್ನೊಮ್ಮೆ ನೋಡಿದ. “ಇದೂ ಲೆಕ್ಕಕ್ಕಿಲ್ಲ ಬಿಡು. ಅಜ್ಜಿ ಹೇಳಿದ್ಲಲ್ಲ.”

ಎದ್ದ. ಕುರ್ಚಿಯನ್ನು ಎತ್ತಿ ತಂದು ಅದರ ಹಳೇ ಜಾಗದಲ್ಲಿ, ನನ್ನ ಎಡಕ್ಕೆ, ಇಟ್ಟ. ಹಾಗೆ ಬರುವಾಗ ಕಿಟಕಿ ಕಾಣದಂತೆ ಒಂದು ಕೈಯನ್ನು ಕಣ್ಣಿನ ಪಕ್ಕಕ್ಕೆ ಅಡ್ಡ ಹಿಡಿದಿದ್ದ, ಗಾಡಿ ಕುದುರೆಯ ಕಣ್ಣಪಟ್ಟಿಯ ಹಾಗೆ. ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ.

“ಹೋಗು, ಹೋಗು! ಟೋಪಿ ಬಿಟ್ಟು ಹೋಗ್ತಿದೀಯ, ಅದಕ್ಕಾದ್ರೂ ಬರ್ತೀಯ!” ಎಂದು ಕೂಗಿದೆ.

ಅವನು ಅಂಗಳ ದಾಟುವುದನ್ನು ಕಿಟಕಿಯಿಂದ ನೋಡಿದೆ. ಶಾಲೆಯ ಗೋಡೆಯ ಬುಡದಲ್ಲೇ ಹೋದ, ತಲೆ ತಗ್ಗಿಸಿ, ಎರಡೂ ಕೈ ಜೇಬಿನಲ್ಲಿ. ಅಂಗಿಯ ತೋಳು ಮೇಲಕ್ಕೆ ಸರಿದು ಮಣಿಕಟ್ಟಿನಲ್ಲಿ ಕೆಂಪು ಬಿಳಿ ದಾರ ಕಾಣುತ್ತಿತ್ತು. ಮೇಲೆ ಕೊಕ್ಕರೆ ಮತ್ತೆ ಕೊಕ್ಕು ಬಡಿಯಿತು. ಒಂದು ಕಡ್ಡಿ ಜಾರಿ ಅವನ ಮುಂದೆಯೇ ಬಿತ್ತು. ಅವನು ಅದನ್ನು ದಾಟಿದ, ಮೇಲೆ ನೋಡಲಿಲ್ಲ. ತಿರುವಿನಲ್ಲಿ ಮನೆಯ ಕಡೆ ಹೊರಳದೆ ನದಿಯ ದಾರಿ ಹಿಡಿದ. ಅಲ್ಲಿ ಬಯಲು ದೊಡ್ಡದು, ಆಕಾಶವೂ. ಮಧ್ಯಾಹ್ನದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಚುಕ್ಕೆಯ ಹಾಗೆ ಕಂಡ, ಆಮೇಲೆ ಕಾಣಲಿಲ್ಲ.

ಬಾನಿತ್ಸಾ ಆರುವ ಮುಂಚೆ ಬರುತ್ತಾನೆ ಅಂದುಕೊಂಡೆ. ಆರಿತು. ಪರದೆಯ ಮೇಲೆ ಸಂದೇಶ ಅರ್ಧಕ್ಕೆ ನಿಂತಿತ್ತು. ಎಡಗೈಯನ್ನು ಮಡಿಲಿಂದ ಎತ್ತಿ ಗೆರೆಯ ಆಚೆ ಇಟ್ಟೆ. ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಒತ್ತಿದೆ. ಬೆರಳಿಗೆ ಹೊಡೆಯಲು ಯಾರೂ ಬರಲಿಲ್ಲ. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಬಿಸಿಲು ಮೇಜು ಬಿಟ್ಟು ಗೋಡೆಗೆ ಹೋಗಿತ್ತು. ಕೆರಾ ಅಜ್ಜಿ ತಟ್ಟೆಗೆ ಬಂದು, ಅವನ ಪಾಲಿನ ತುಂಡು ಹಾಗೇ ಇದ್ದದ್ದು ನೋಡಿ, “ಎಲ್ಲಿ ಅವನು?” ಎಂದಳು.

“ಹೊರಗೆ ಹೋದ,” ಎಂದೆ.

ಟೋಪಿ ಈಗಲೂ ಮೊಳೆಯಲ್ಲೇ ಇದೆ. ಅವನು ಬರಲಿಲ್ಲ.